ಮೂರನೇ ದಿನದ ಗುದ್ದಲಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕೆಲಸಕ್ಕೆಂದು ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೊರಟ ಸುದ್ದಿಯನ್ನು ನಿಮ್ಮಮ್ಮ ಫೋನಿನಲ್ಲಿ ಅಳುತ್ತ ಹೇಳಿದಳು. ಅವಳ ಅಳು ಹೋಗಲಿ ಬಿಡು, ನಿನ್ನನ್ನು ಮಂಗಳೂರಿನ ಹಾಸ್ಟೆಲ್ಲಿಗೆ ಬಿಡುವಾಗಲೂ ಹೀಗೇ ಅತ್ತಿದ್ದಳು. "ನೀನು ಹನ್ನೊಂದು ವರ್ಷ ಅಲ್ಲಿದ್ದವನು, ಅವಳಿಗೆ ನಾಲ್ಕು ಮಾತು ಬರಿ" ಅಂದಳು. ವಾಟ್ಸಾಪಿನಲ್ಲಿ ಕಳಿಸಿದರೆ ನೀನು ಅರ್ಧ ಓದಿ ಹೆಬ್ಬೆರಳು ತೋರಿಸುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಗಡಿಯಾರದ ವಿಷಯ. ಅಲ್ಲಿಯ ಭಾಷೆ ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ 'ಸಾ ಮೋಜಾ', ಅಂದರೆ ಒಂದು ಗಂಟೆ. ಎಂಟು ಅಂದರೆ 'ಸಾ ಮ್ಬಿಲಿ', ಎರಡು. ನಾನು ಹೋದ ಹೊಸತು, ಗೋದಾಮಿನ ಮೇಸ್ತ್ರಿ "ಲಾರಿ ಸಾ ಮ್ಬಿಲಿಗೆ ಬರುತ್ತೆ" ಅಂದ. ಅಂಕಿ ಕಲಿತ ಜಂಬದಲ್ಲಿ ಮಧ್ಯಾಹ್ನ ಎರಡಕ್ಕೆ ಹೋದೆ. ಲಾರಿ ಬೆಳಿಗ್ಗೆ ಎಂಟಕ್ಕೇ ಬಂದು, ಬೀಗದ ಕೈ ನನ್ನ ಜೇಬಿನಲ್ಲಿದ್ದ ಕಾರಣ ಬಿಸಿಲಲ್ಲಿ ಕಾದು ಕಾದು ವಾಪಸ್ಸು ಹೋಗಿತ್ತು. ನಮ್ಮಜ್ಜ ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದದ್ದು ಆಗ ನೆನಪಾಗಿದ್ದರೆ ಅವತ್ತಿನ ಬೈಗುಳ ತಪ್ಪುತ್ತಿತ್ತು.

ಹಿರಿಯರು ಎದುರಾದರೆ 'ಶಿಕಮೋ' ಅನ್ನು. ನಿನ್ನ ಕಾಲು ಹಿಡಿದೆ ಅನ್ನುವ ಮಾತಿನಿಂದ ಬಂದದ್ದು ಅಂತ ಹೇಳುತ್ತಾರೆ. ಅವರು 'ಮರಹಬಾ' ಅಂದ ಮೇಲೆಯೇ ನಿನ್ನ ಕೆಲಸದ ಮಾತು. ಕಾವಲಿನವನಿಗೂ ಅಷ್ಟೆ, ಕಸ ಗುಡಿಸುವ ಅಮ್ಮನಿಗೂ ಅಷ್ಟೆ. ನೀನು ಆಫೀಸಿನಲ್ಲಿ ಏನಾಗಿದ್ದರೂ ಅವರು ನಿನಗಿಂತ ದೊಡ್ಡವರು.

ಅಲ್ಲಿ ಒಂದು ಗಾದೆಯಿದೆ: 'ಮ್ಗೇನಿ ಸಿಕು ಮ್ಬಿಲಿ, ಸಿಕು ಯಾ ತಾತು ಮ್ಪೆ ಜೆಂಬೆ.' ನೆಂಟನಿಗೆ ಎರಡು ದಿನ, ಮೂರನೇ ದಿನ ಕೈಗೆ ಗುದ್ದಲಿ ಕೊಡು. ನಾನು ಮೂರು ವರ್ಷ ಗುದ್ದಲಿ ಮುಟ್ಟದ ನೆಂಟನಾಗಿದ್ದೆ ನೋಡು. ನಮ್ಮವರ ಬಿಲ್ಡಿಂಗು, ನಮ್ಮವರ ಅಂಗಡಿ, ಭಾನುವಾರ ನಮ್ಮವರದೇ ಇಸ್ಪೀಟು. ಸ್ವಾಹಿಲಿ ಅಂದರೆ ಕೆಲಸದವರಿಗೆ ಅಪ್ಪಣೆ ಕೊಡಲು ಬೇಕಾದ ಇಪ್ಪತ್ತು ಶಬ್ದ. ಗಾಡಿಗೆ 'ಗಾರಿ', ಆಟೋರಿಕ್ಷಾಕ್ಕೆ 'ಬಜಾಜಿ', ಬಣ್ಣಕ್ಕೆ 'ರಂಗಿ' ಅನ್ನುವ ಭಾಷೆ ಅದು. ಅಷ್ಟು ಹತ್ತಿರ ಇದ್ದದ್ದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿ ತೆರೆಸಿದ್ದು ಒಂದು ಬಟ್ಟೆ. ಕಾಂಗಾ ಅಂತ, ಹೆಂಗಸರು ಸೊಂಟಕ್ಕೆ ಸುತ್ತಿ, ತಲೆಗೆ ಹೊದ್ದು, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹತ್ತಿ ಬಟ್ಟೆ. ಜೋಡಿಯಾಗಿ ಮಾರುತ್ತಾರೆ, ಆಮೇಲೆ ನಡುವೆ ಕತ್ತರಿಸಿ ಅಂಚು ಹೊಲಿಯಬೇಕು. ಸುತ್ತ ಅಂಚು 'ಪಿಂಡೋ', ನಡುವಿನ ಭಾಗ 'ಮ್ಜಿ', ಅದರ ಕೆಳಗೆ ಒಂದು ಸಾಲು ಬರಹ, 'ಜಿನಾ'. ಎಷ್ಟೋ ಕಾಂಗಾಗಳು ಅಚ್ಚಾಗುವುದು ನಮ್ಮ ದೇಶದಲ್ಲೇ. ಸಹೋದ್ಯೋಗಿಯ ತಾಯಿಗೆ ಈದ್ ಹಬ್ಬಕ್ಕೆಂದು ಕಾರಿಯಾಕೂ ಮಾರುಕಟ್ಟೆಯಲ್ಲಿ ಬಣ್ಣ ನೋಡಿ ಒಂದು ಜೋಡಿ ಆರಿಸಿದೆ, ಕೆಂಪು-ಕಪ್ಪು, ನಮ್ಮ ಇಳಕಲ್ ಸೀರೆಯ ಹಾಗೆ. ಮುದುಕಿ ಬಿಡಿಸಿದಳು, ಓದಿದಳು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಸವತಿಯನ್ನು ಚುಚ್ಚುವ ಮಾತು ಅದರಲ್ಲಿತ್ತು! ಜಗಳ ಬಾಯಲ್ಲಿ ಆಡದೆ ಸೊಂಟಕ್ಕೆ ಸುತ್ತಿಕೊಂಡು ಬೀದಿಯಲ್ಲಿ ನಡೆಯುವ ಜಾಣತನ ಆ ಹೆಂಗಸರದು.

ವಾರ ಕಳೆದು ಅವಳೇ ನಿಮ್ಮತ್ತೆಗೆ ಒಂದು ಜೋಡಿ ಕಳಿಸಿದಳು: 'ಹಬಾ ನಾ ಹಬಾ ಹುಜಾಜಾ ಕಿಬಾಬಾ.' ಅಷ್ಟಷ್ಟೇ ಸೇರಿ ಕಿಬಾಬಾ ತುಂಬುತ್ತದೆ. ಕಿಬಾಬಾ ಕಾಳು ಅಳೆಯುವ ಪಾತ್ರೆ. ತೆನೆ ತೆನೆ ಕೂಡಿ ಬಳ್ಳ ಅನ್ನುತ್ತೇವಲ್ಲ, ನಮ್ಮ ಬಳ್ಳವೂ ಅಳತೆಯದೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂದರೆ ನೀನು ನಗಬಹುದು. ಮರುದಿನದಿಂದ ಕಾವಲಿನ ಮುದುಕನ ಹತ್ತಿರ ಪಾಠಕ್ಕೆ ಕೂತೆ.

ಊಟದ ಚಿಂತೆ ನಿಮ್ಮಮ್ಮನಿಗೇ ಇರಲಿ. ಬೀದಿಬದಿ ಅಡುಗೆ ಮಾಡಿ ಬಡಿಸುವವಳನ್ನು 'ಮಾಮಾ ನ್ತಿಲಿಯೆ' ಅನ್ನುತ್ತಾರೆ, 'ಅಮ್ಮಾ, ನನಗೆ ಬಡಿಸು' ಅಂತ ಅರ್ಥ. ಅವಳ ಉಗಾಲಿ ಅಂದರೆ ಮೆಕ್ಕೆಜೋಳದ ಮುದ್ದೆ, ಹೆಬ್ಬೆರಳಿನಿಂದ ಗುಳಿ ಮಾಡಿ ಅದ್ದಿಕೊಳ್ಳಬೇಕು. ಜೊತೆಗೆ 'ಮ್ಚಿಚಾ' ಕೇಳು, ನಮ್ಮ ದಂಟಿನ ಸೊಪ್ಪಿನ ಜಾತಿಯೇ. ತೆಂಗಿನಹಾಲಿನಲ್ಲಿ ಬೇಯಿಸಿದ್ದು ಸಿಕ್ಕಿದರೆ ಬಿಡಬೇಡ.

ಮನೆಗೆ ಏನಾದರೂ ತರಬೇಕು ಅನ್ನಿಸಿದರೆ ಎರಡು ಮಾತು. ಮಾಕೊಂಡೆ ಜನಾಂಗದವರ ಮರದ ಕೆತ್ತನೆ ಕೊಳ್ಳುವುದಾದರೆ ಊರೊಳಗಿನ ಮ್ವೆಂಗೆ ಬಡಾವಣೆಗೆ ಹೋಗು, ಅಲ್ಲಿ ಕೆತ್ತುವವರು ಎದುರಿಗೇ ಕೂತಿರುತ್ತಾರೆ. ಮರ 'ಮ್ಪಿಂಗೋ', ಕಪ್ಪು ಬಣ್ಣದ್ದು, ನಮ್ಮ ಬೀಟೆಯ ದಾಯಾದಿ. ನೀರಿಗೆ ಹಾಕಿದರೆ ಮುಳುಗುತ್ತದೆ. ನಾನು ರಸ್ತೆಯಲ್ಲಿ ಅಗ್ಗಕ್ಕೆ ಕೊಂಡ ಗೊಂಬೆ ಮಳೆಗಾಲದಲ್ಲಿ ಕರ್ಚೀಫಿಗೆಲ್ಲ ಬೂಟ್ ಪಾಲಿಶ್ ಬಳಿಯಿತು. ಇನ್ನು ತಿಂಗಾತಿಂಗಾ ಚಿತ್ರ. ಎಡ್ವರ್ಡ್ ಸಯಿದಿ ತಿಂಗಾತಿಂಗಾ ಎಂಬಾತ 1968ರ ಸುಮಾರಿಗೆ ಹಾರ್ಡ್‌ಬೋರ್ಡಿನ ಮೇಲೆ ಸೈಕಲ್ಲಿಗೆ ಬಳಿಯುವ ಎನಾಮಲ್ ಬಣ್ಣದಲ್ಲಿ ಬರೆಯಲು ಶುರುಮಾಡಿದ. 1972ರಲ್ಲಿ ಯಾರೋ ಕಳ್ಳನೆಂದು ತಪ್ಪು ತಿಳಿದು ಪೊಲೀಸರು ಹಾರಿಸಿದ ಗುಂಡಿಗೆ ಸತ್ತ. ನಾಲ್ಕೇ ವರ್ಷದ ಕೆಲಸ, ಅವನ ಹೆಸರಿನಲ್ಲಿ ಇವತ್ತಿಗೂ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಪ್ರವಾಸಿಗಳಿಗೆಂದು ಬರೆದ ಜಿರಾಫೆಗಳು ನನಗೆ ಸಾಕಾಗಿವೆ. ಆಸ್ಪತ್ರೆ, ಬೀದಿ, ಬಸ್ಸು ತುಂಬಿದ ಜನ ಇರುವಂಥದ್ದನ್ನು ಹುಡುಕು.

ಜಾಂಜಿಬಾರ್‌ಗೆ ದೋಣಿಯಲ್ಲಿ ಹೋದರೆ ತಾರಾಬ್ ಕೇಳದೆ ಬರಬೇಡ. ಆ ಸಂಗೀತದ ಹೆಸರಾಂತ ಹಾಡುಗಾರ್ತಿ ಸಿತಿ ಬಿಂತಿ ಸಾದ್ 1928ರಲ್ಲಿ ಹಾಡು ಮುದ್ರಿಸಲು ಬಂದದ್ದು ನಮ್ಮ ಬೊಂಬಾಯಿಗೆ.

ಆ 'ಹಬಾ ನಾ ಹಬಾ' ಜೋಡಿಯಲ್ಲಿ ಒಂದು ತುಂಡು ನಿಮ್ಮತ್ತೆಯ ಟ್ರಂಕಿನಲ್ಲಿ ಉಳಿದಿದೆ, ಇನ್ನೊಂದು ನಿನ್ನ ತೊಟ್ಟಿಲಿಗೇ ಹಾಸಿ ಹರಿದುಹೋಯಿತು. ಉಳಿದದ್ದನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ಅಂಚು ಸವೆದಿದೆ, ಅಕ್ಷರ ಓದಲು ಬರುತ್ತದೆ. ಹಪ್ಪಳ ಬೇಕಾದಷ್ಟು ಒಯ್ಯಿ, ಕಾಫಿಪುಡಿ ಒಯ್ಯಬೇಡ, ಕಿಲಿಮಾಂಜಾರೋ ಬೆಟ್ಟದ ಕಾಫಿ ಅಲ್ಲೇ ಸಿಗುತ್ತದೆ.

ಇಂತಿ,
ನಿನ್ನ ಮಾವ