ತುಂಗ್ ಕುಲಾ ಅಕ್ಕಿಯ ಪೊಟ್ಟಣ ಬದಲಾಗುತ್ತಿರುವ ಕುರಿತು

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಫ್ರಾಂಕ್‌ಫರ್ಟಿನ ನಮ್ಮ ಅಂಗಡಿಯಲ್ಲಿ ‘ತುಂಗ್ ಕುಲಾ ಮಲ್ಲಿಗೆ ಅಕ್ಕಿ’ ಎಂಬ ಚೀಟಿ ಅಂಟಿಸಿ ಮಾರುತ್ತಿದ್ದ ಎರಡು ಕಿಲೋ ಪೊಟ್ಟಣಗಳನ್ನು ಈ ವಾರದಿಂದ ನಿಲ್ಲಿಸಿದ್ದೇವೆ. ಇನ್ನು ಮುಂದೆ ಆ ಹೆಸರಿನಲ್ಲಿ ಸಿಗುವುದು ಥಾಯ್ಲೆಂಡಿನಲ್ಲೇ ತುಂಬಿ ಹೊಲಿದ, ಬೆಳೆದ ನೆಲವನ್ನು ಖಾತ್ರಿಪಡಿಸುವ ಜಿಐ (ಭೌಗೋಳಿಕ ಸೂಚಕ) ಮುದ್ರೆಯಿರುವ ಐದು ಕಿಲೋ ಚೀಲ ಮಾತ್ರ.

ಇದಕ್ಕೆ ಕಾರಣ ನಮ್ಮದೇ ತಪ್ಪು. ಸಗಟು ವ್ಯಾಪಾರಿಯೊಬ್ಬರು ಕಳಿಸುತ್ತಿದ್ದ ಮೂಟೆಗಳನ್ನು ಹಿಂದಿನ ಕೋಣೆಯಲ್ಲಿ ಬಿಚ್ಚಿ ನಾವೇ ಪೊಟ್ಟಣ ಕಟ್ಟುತ್ತಿದ್ದೆವು. ಕಳೆದ ತಿಂಗಳು ಒಂದು ಮೂಟೆಯ ಬಾಯಿಯ ಹೊಲಿಗೆಗೆ ಸಿಕ್ಕಿಸಿದ್ದ ಚೀಟಿಯನ್ನು ಬಿಡಿಸಿ ಓದಿದಾಗ ಅದರಲ್ಲಿ ‘ಥಾಯ್ ಹೋಮ್ ಮಲಿ’ ಎಂದಷ್ಟೇ, ಅಂದರೆ ಥಾಯ್ ಮಲ್ಲಿಗೆ ಅಕ್ಕಿಯ ಸಾಮಾನ್ಯ ಹೆಸರಷ್ಟೇ, ಇತ್ತು. ಮೊದಲ ಸಲ ಬಂದ ಮೂಟೆಯ ಮೇಲಿದ್ದ ‘ತುಂಗ್ ಕುಲಾ’ ಎಂಬ ಊರಿನ ಹೆಸರನ್ನೇ, ಆಮೇಲಿನವನ್ನು ಪರಿಶೀಲಿಸದೆ, ಎಲ್ಲದಕ್ಕೂ ಅಂಟಿಸುತ್ತ ಬಂದಿದ್ದೆವು. ಅಕ್ಕಿ ಕೆಟ್ಟದ್ದಲ್ಲ, ಹೆಸರು ಮಾತ್ರ ಅದರದ್ದಲ್ಲ.

ತುಂಗ್ ಕುಲಾ ರೋಂಗ್ ಹೈ ಎಂದರೆ ‘ಕುಲಾ ಜನರು ಅತ್ತ ಬಯಲು’ ಎಂದರ್ಥ. ಬರ್ಮಾ ಕಡೆಯಿಂದ ಬಂದ ಕುಲಾ ವರ್ತಕರು ನೀರು ನೆರಳಿಲ್ಲದ ಆ ಬಯಲನ್ನು ದಾಟಲಾರದೆ ಅತ್ತರೆಂದು ಐತಿಹ್ಯ. ಈಶಾನ್ಯ ಥಾಯ್ಲೆಂಡಿನ ರೋಯ್ ಎಟ್, ಸುರಿನ್, ಸಿಸಾಕೆಟ್, ಮಹಾ ಸರಖಾಮ್, ಯಸೋಥೋನ್ ಎಂಬ ಐದು ಪ್ರಾಂತ್ಯಗಳಿಗೆ ಹರಡಿರುವ ಈ ನೆಲ ಮರಳುಮಿಶ್ರಿತ, ಉಪ್ಪಿನಂಶವುಳ್ಳದ್ದು. ಮಳೆಗಾಲದಲ್ಲಿ ನೆಟ್ಟು ನವೆಂಬರ್ ಹೊತ್ತಿಗೆ ಕೊಯ್ಯುವ ಈ ಭತ್ತದ ಪೈರನ್ನು ಬಳಲಿಸುವ ಆ ಉಪ್ಪು ಮತ್ತು ನೀರಿನ ಕೊರತೆಯೇ ಕಾಳಿನ ಘಮವನ್ನು ಹೆಚ್ಚಿಸುತ್ತವೆ. ಇಲ್ಲಿ ಬೆಳೆಯುವ ಖಾವ್ ಡೋಕ್ ಮಲಿ 105 ತಳಿಯನ್ನು ಮೂಲತಃ ಆಯ್ದುಕೊಂಡದ್ದು ದೂರದ ಚಾಚೋಂಗ್ಸಾವ್ ಪ್ರಾಂತ್ಯದ ಪೈರಿನಿಂದ. ಆದ್ದರಿಂದ ಇದೇ ಬೀಜವನ್ನು ಬೇರೆಡೆ ಬಿತ್ತಿ ಬೆಳೆದವರು ಅದನ್ನು ಹೋಮ್ ಮಲಿ ಎನ್ನಬಹುದು, ತುಂಗ್ ಕುಲಾ ಎನ್ನುವಂತಿಲ್ಲ. ಥಾಯ್ಲೆಂಡ್ 2003ರಲ್ಲಿ ಭೌಗೋಳಿಕ ಸೂಚಕಗಳ ಕಾಯ್ದೆಯನ್ನು ಮಾಡಿತು. ಐರೋಪ್ಯ ಒಕ್ಕೂಟ ಈ ಅಕ್ಕಿಯ ಹೆಸರನ್ನು 2013ರಲ್ಲಿ ನೋಂದಾಯಿಸಿತು. ಎಂದರೆ ನಮ್ಮ ಚೀಟಿ ಇಲ್ಲಿನ ಕಾನೂನಿಗೂ ವಿರುದ್ಧವಾಗಿತ್ತು.

‘ಮಲ್ಲಿಗೆಯ ವಾಸನೆಯೇ ಇಲ್ಲವಲ್ಲ’ ಎಂದು ದೂರಿದವರಿಗೂ ಒಂದು ಮಾತು. ‘ಮಲಿ’ ಮಲ್ಲಿಗೆಯೇ ಹೌದು, ಆದರೆ ಹೋಲಿಕೆ ಕಾಳಿನ ಬಿಳುಪಿಗೆ. ಘಮ ಬಾಸುಮತಿಯ ಘಮಕ್ಕೆ ಹತ್ತಿರ.

ಹಳೆ ಅಕ್ಕಿಯೇ ಮೇಲೆಂದು ತಿಳಿದ ನಮ್ಮ ಮನೆಗಳ ಪದ್ಧತಿಯನ್ನು ಇಲ್ಲಿ ಬದಿಗಿಡಬೇಕು. ಇಟ್ಟಷ್ಟೂ ಇದರ ಘಮ ಕುಗ್ಗುತ್ತದೆ. ಹೊಸ ಅಕ್ಕಿಗೆ ಲೋಟಕ್ಕೆ ಒಂದೂಕಾಲು ಲೋಟ ನೀರು ಸಾಕು. ಸೋನಾ ಮಸೂರಿಯ ಅಳತೆಯಲ್ಲಿ ನೀರಿಟ್ಟರೆ ಮುದ್ದೆಯಾಗುತ್ತದೆ. ಚಿತ್ರಾನ್ನಕ್ಕೆ ಇದು ತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ.

ಮುದ್ರೆಯ ಚೀಲಕ್ಕೆ ಕಿಲೋಗೆ 1 ಯೂರೋ 20 ಸೆಂಟ್ ಹೆಚ್ಚಾಗುತ್ತದೆ. ಊರಿನ ಹೆಸರಿಲ್ಲದ ಅಕ್ಕಿ ‘ಥಾಯ್ ಹೋಮ್ ಮಲಿ’ ಎಂಬ ಚೀಟಿಯಲ್ಲಿ, ಮೊದಲಿಗಿಂತ ಕಡಿಮೆ ಬೆಲೆಗೆ, ಎರಡು ಕಿಲೋ ಪೊಟ್ಟಣದಲ್ಲೇ ಸಿಗುತ್ತದೆ. ಹಳೆಯ ಚೀಟಿಯ ಪೊಟ್ಟಣ ಮನೆಯಲ್ಲಿದ್ದರೆ, ಒಡೆದಿದ್ದರೂ ಸರಿ, ತಂದುಕೊಡಿ. ರಸೀದಿ ಕೇಳದೆ ಪೂರ್ತಿ ಹಣವನ್ನು ಹಿಂತಿರುಗಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು