ಮೂರನೆಯ ಸ್ಥಾನ ಸಾಕು ಎಂದದ್ದಕ್ಕೆ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟಾಗಿನಿಂದ ಅಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಕಾರು ರ‍್ಯಾಲಿಗೆ ಎರಡೇ ದಿನ ಉಳಿದಿರುವಾಗ "ಗೆಲ್ಲಲು ಹೋಗಬೇಡ, ಮೂರನೆಯ ಸ್ಥಾನ ಸಾಕು" ಎನ್ನಬಾರದಿತ್ತು. ತಪ್ಪಾಯಿತು. ಆದರೆ "ಅಪ್ಪನಿಗೆ ನನ್ನ ಕೈ ಮೇಲೆ ನಂಬಿಕೆಯಿಲ್ಲ" ಎಂದೆಯಲ್ಲ, ಅದು ಸುಳ್ಳು. ಎರಡು ವರ್ಷದ ಮೆಣಸಿನ ಹಣವನ್ನು ನಾನು ಆ ಕಾರಿಗೆ ಹಾಕಿದ್ದು ಸುಮ್ಮನೆ ಅಲ್ಲ.

ನಿನಗೆ ಪೈಪೋಟಿ ಕೊಡುತ್ತಿರುವ ಆ ಹುಡುಗ ಗೆದ್ದರೂ ನೀನು ಮೂರನೆಯವಳಾಗಿ ಬಂದರೆ ಚಾಂಪಿಯನ್‌ಷಿಪ್ ನಿನ್ನದೇ. ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಬಾರಿ ಕೂಡಿಸಿ ನೋಡಿದ್ದೇನೆ.

ಹೋದ ವರ್ಷ ಚಿಕ್ಕಮಗಳೂರಿನಲ್ಲಿ ಕಾರು ಮಗುಚಿದ್ದು ನಿನಗೇ ಗೊತ್ತು. ಆ ಹೊತ್ತು ಸರ್ವಿಸ್ ಪಾರ್ಕಿನಲ್ಲಿ, ಕಾರುಗಳನ್ನು ರಿಪೇರಿ ಮಾಡುವ ಆ ಜಾಗದಲ್ಲಿ, ನಾನು ಹೇಗಿದ್ದೆ ಎಂಬುದು ಗೊತ್ತಿಲ್ಲ. ನಿನ್ನ ಹಿಂದೆ ಹೊರಟಿದ್ದ ಕಾರು ಬಂತು, ಅದರ ಹಿಂದಿನದೂ ಬಂತು. ಎಸ್ಟೇಟಿನೊಳಗೆ ಮೊಬೈಲ್ ಸಿಗುವುದಿಲ್ಲ. ಆ ಕಾರುಗಳಲ್ಲಿ ಬಂದವರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಹತ್ತು ಹೆಜ್ಜೆ ದೂರ, ಅಷ್ಟೇ. ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆ. ನಿನ್ನ ಮೆಕ್ಯಾನಿಕ್ ಹುಡುಗ ಒರೆಸಿಟ್ಟ ಟೈರನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಕೊನೆಗೆ ಅವನೇ ಓಡಿಹೋಗಿ ಕೇಳಿ ಬಂದು, "ಅಕ್ಕ ಓಕೆ ಬೋರ್ಡ್ ತೋರಿಸಿದರಂತೆ ಸರ್, ಏನೂ ಆಗಿಲ್ಲವಂತೆ" ಎಂದ. ಅಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ನೀನು ಬಂದಾಗ ನಿನ್ನ ಕಿವಿಯೊಳಗೆಲ್ಲ ಕೆಮ್ಮಣ್ಣು. ಬೆಲ್ಟು ಒತ್ತಿದ ಬರೆ ಕುತ್ತಿಗೆಯ ಬುಡದಲ್ಲಿ ನೀಲಿಗಟ್ಟಿತ್ತು. ನಾನು ಅದನ್ನು ಬಿಟ್ಟು ಕಾರಿನ ಬಗ್ಗೆ ಕೇಳಿದೆ.

ನಿನ್ನ ಕೋಣೆಯ ಗೋಡೆಯ ಚಿತ್ರದಲ್ಲಿ ಫ್ರಾನ್ಸಿನ ರ‍್ಯಾಲಿ ಚಾಲಕಿ ಮಿಶೆಲ್ ಮೂಟನ್ ಇದ್ದಾಳಲ್ಲ. 1982ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರೂ ಕಡೆ ಗೆದ್ದಳು. ಆಕೆಯ ಎದುರಾಳಿ ವಾಲ್ಟರ್ ರೋರ್ಲ್ ಗೆದ್ದದ್ದು ಎರಡೇ ರ‍್ಯಾಲಿ. ಉಳಿದ ಕಡೆ ಎರಡನೆಯವನಾಗಿ, ಮೂರನೆಯವನಾಗಿ ಅಂಕ ಹೆಕ್ಕಿದ. ಕೊನೆಗೆ ಅವನಿಗೆ 109 ಅಂಕ, ಇವಳಿಗೆ 97. ಪಟ್ಟ ಅವನದಾಯಿತು. ಇದನ್ನೇ ನಿನಗೆ ಹೇಳಬೇಕೆಂದು ಹುಡುಕಿ ಓದಿದೆ. ಓದುತ್ತಾ ಹೋದರೆ ಐವರಿ ಕೋಸ್ಟಿನ ರ‍್ಯಾಲಿಯ ಹೊತ್ತಿಗೇ ಆಕೆಯ ತಂದೆ ತೀರಿಕೊಂಡದ್ದು, ಮಗಳು ಸ್ಪರ್ಧಿಸಲೇಬೇಕೆಂಬುದು ಅವರ ಆಸೆಯಾಗಿದ್ದದ್ದು ಸಿಕ್ಕಿತು. ಮುಂದಿದ್ದವಳಿಗೆ ಗೇರ್‌ಬಾಕ್ಸ್ ಕೈಕೊಟ್ಟಿತು, ಆಮೇಲೆ ಅಪಘಾತವಾಯಿತು. ಪುಸ್ತಕ ಮುಚ್ಚಿಟ್ಟೆ. ಸಾಯುವ ಹೊತ್ತಿನಲ್ಲೂ ಆ ಮನುಷ್ಯ ಮಗಳನ್ನು ಹೊರಡಿಸಿದ. ನಾನು ಗಟ್ಟಿಮುಟ್ಟಾಗಿದ್ದೂ ನಿನ್ನನ್ನು ತಡೆಯುತ್ತಿದ್ದೇನೆ.

ಆದರೂ ಕೇಳು. ತಿರುವಿನಲ್ಲಿ ಒಳಮೂಲೆ ಕತ್ತರಿಸಬೇಡ, ಕಾಫಿ ಗಿಡದ ಬುಡದಲ್ಲಿ ಚರಂಡಿ ಕಾಣುವುದಿಲ್ಲ. ಅದೇ ದಾರಿಯಲ್ಲಿ ಎರಡನೆಯ ಸಲ ಹೋಗುವಾಗ ಕಲ್ಲುಗಳು ಮೇಲೆದ್ದಿರುತ್ತವೆ. ಸಿಲ್ವರ್ ಓಕ್ ಮರ ಯಾರಿಗೂ ಪಕ್ಕಕ್ಕೆ ಸರಿಯುವುದಿಲ್ಲ. ಮಂಜಿದ್ದರೆ ಕಣ್ಣಿಗಿಂತ ಪಕ್ಕದ ಸೀಟಿನವನು ಓದಿ ಹೇಳುವ ದಾರಿಯ ನೋಟ್ಸ್ ನಂಬು. ವೇಗ ಇಳಿಸಿದರೆ ಗಮನ ಚದುರಿ ಆಗಲೇ ತಪ್ಪಾಗುತ್ತದೆ ಎಂದು ನೀನು ಹೇಳಿದ್ದು ನಿಜವಿರಬೇಕು, ಓಡಿಸುವವಳು ನೀನು. ಹಾಗಿದ್ದರೆ ಎಷ್ಟು ವೇಗವೆಂದು ನೀನೇ ತೀರ್ಮಾನಿಸು. ನೋಡು, ಬುದ್ಧಿ ಹೇಳುವುದಿಲ್ಲ ಎಂದುಕೊಂಡೇ ಬರೆಯಲು ಕೂತಿದ್ದೆ.

ಅಂಕಗಳ ಲೆಕ್ಕವನ್ನು ನಾನು ಮುಂದಿಟ್ಟದ್ದು ಆ ನಲವತ್ತು ನಿಮಿಷವನ್ನು ಬಾಯಿಬಿಟ್ಟು ಹೇಳಲಾರದೆ. ಕಪ್ ಬೇಕೆಂಬ ಆಸೆ ನನಗೂ ಇದೆ, ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಶನಿವಾರ ಬೆಳಿಗ್ಗೆ ಸರ್ವಿಸ್ ಪಾರ್ಕಿಗೆ ಬರುತ್ತೇನೆ. ಅಮ್ಮ ಅಕ್ಕಿರೊಟ್ಟಿ ಕಟ್ಟಿಕೊಡುತ್ತಾಳೆ, ನಿಮ್ಮಿಬ್ಬರಿಗೂ ಆಗುವಷ್ಟು. ನಿನ್ನನ್ನು ಮಾತನಾಡಿಸುವುದಿಲ್ಲ, ಟೈರುಗಳ ಆಚೆ ನಿಂತಿರುತ್ತೇನೆ. ನೀನು ಬರುವುದು ತಡವಾದರೆ ಈ ಸಲ ನಾನೇ ಹೋಗಿ ಕೇಳುತ್ತೇನೆ.

ನಿನ್ನ
ಅಪ್ಪ