ಫೋನೆತ್ತುವವರ ಪಕ್ಷ

ಪ್ರೀತಿಯ ಗೆಳೆಯ,

ಆಕಾಶವಾಣಿಯ ತಾತ್ಕಾಲಿಕ ಉದ್ಘೋಷಕರ ಸ್ವರ ಪರೀಕ್ಷೆಗೆ ಹೋಗಿಬಂದ ದಿನ, ಉಚ್ಚಾರಣೆ, ಓದಿನ ಏರಿಳಿತ, ಸಾಮಾನ್ಯ ಜ್ಞಾನ ಇಷ್ಟನ್ನೇ ನೋಡಿದರೆಂದು ನೀನು ಬರೆದಿದ್ದೆ. ಇಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಮ್ಮೂರಿನ ಎಎಂ ರೇಡಿಯೋ ಕೇಂದ್ರದಲ್ಲಿ ಕಳೆದ ತಿಂಗಳು ನಡೆದ ಸಂದರ್ಶನದಲ್ಲಿ ನಾನೇ ಆಯ್ಕೆ ಮಾಡುವವರ ಸಾಲಿನಲ್ಲಿ ಕುಳಿತಿದ್ದೆ. ಅಂದಿನಿಂದ ನನಗೆ ಸಮಾಧಾನವಿಲ್ಲ.

ಖಾಲಿಯಿದ್ದದ್ದು ಬೆಳಗಿನ ರಾಜಕೀಯ ಚರ್ಚೆಯ ಕಾರ್ಯಕ್ರಮಕ್ಕೆ ಕೇಳುಗರ ಕರೆ ಸ್ವೀಕರಿಸುವ ಕೆಲಸ. ಕರೆ ಮಾಡಿದವರ ಹೆಸರು, ಊರು, ಹೇಳಬೇಕೆಂದಿರುವ ಮಾತು ಇವನ್ನು ಎರಡು ಸಾಲಿನಲ್ಲಿ ನಿರೂಪಕನ ಪರದೆಗೆ ಟೈಪು ಮಾಡಿ ಕಳಿಸಬೇಕು, ಕುಡಿದು ಬೈಯುವವರನ್ನು ಅಲ್ಲೇ ತಡೆಯಬೇಕು. ಬಂದವರಲ್ಲಿ ಒಬ್ಬಾಕೆ ನಾಲ್ಕೂ ಮಾದರಿ ಕರೆಗಳನ್ನು ತಪ್ಪಿಲ್ಲದೆ ನಿಭಾಯಿಸಿದಳು. ಕಳೆದ ಚುನಾವಣೆಯಲ್ಲಿ ಯಾರ ಪರವಿದ್ದೆ ಎಂದು ವ್ಯವಸ್ಥಾಪಕ ಕೇಳಿದಾಗ, "ಕರೆ ಮಾಡಿದವರು ಯಾರ ಪರವಿದ್ದರೂ ಅವರ ಹೆಸರನ್ನು ಸರಿಯಾಗಿ ಬರೆಯುತ್ತೇನೆ" ಎಂದು ನಕ್ಕಳು. ಆತ ಹಾಳೆಯ ಮೇಲೆ "ನಮಗೆ ಒಗ್ಗುವುದಿಲ್ಲ" ಎಂದು ಬರೆದ. ಎರಡು ಕರೆಗಳಲ್ಲಿ ಊರು ಕೇಳುವುದನ್ನೇ ಮರೆತಿದ್ದ ಇನ್ನೊಬ್ಬನಿಗೆ ಕೆಲಸ ಸಿಕ್ಕಿತು. ಕೆಳಗೆ ನಾನೂ ಸಹಿ ಹಾಕಿದೆ.

1987ರಲ್ಲಿ ಪ್ರಸಾರ ನಿಯಂತ್ರಣ ಆಯೋಗ ಸಮತೋಲನದ ನಿಯಮವನ್ನು (ಫೇರ್‌ನೆಸ್ ಡಾಕ್ಟ್ರಿನ್) ಕೈಬಿಟ್ಟದ್ದೇ ರೇಡಿಯೋದ ಈ ಪಕ್ಷಪಾತಕ್ಕೆಲ್ಲ ಕಾರಣವೆಂದು ಇಲ್ಲಿ ಹಲವರು ಹೇಳುತ್ತಾರೆ. 1949ರಿಂದ ಜಾರಿಯಲ್ಲಿದ್ದು, 1969ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದ್ದ ಆ ನಿಯಮ, ವಿವಾದದ ವಿಷಯಗಳಲ್ಲಿ ಭಿನ್ನ ಅಭಿಪ್ರಾಯಗಳಿಗೂ ಪ್ರಸಾರದಲ್ಲಿ ಜಾಗ ಕೊಡಬೇಕೆಂದಿತ್ತೇ ಹೊರತು ಯಾರನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು ಹೇಳಿರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯಿದೆ ಉದ್ಯೋಗದಲ್ಲಿ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶ ಇವುಗಳ ಆಧಾರದ ಭೇದವನ್ನು ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ಪಕ್ಷನಿಷ್ಠೆ ಇಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ನೌಕರರ ರಾಜಕೀಯ ಚಟುವಟಿಕೆಗೆ ರಕ್ಷಣೆ ಕೊಟ್ಟಿವೆ, ಎಲ್ಲ ರಾಜ್ಯಗಳೂ ಕೊಟ್ಟಿಲ್ಲ.

ಕೇಂದ್ರದ ಒಲವಿಗೆ ಒಗ್ಗುವವರನ್ನೇ ಆರಿಸಿಕೊಳ್ಳುತ್ತೇನೆಂಬ ಮಾಲೀಕನ ವಾದವನ್ನು ನಾನು ಪೂರ್ತಿ ತಳ್ಳಿಹಾಕುವವನಲ್ಲ. ನಿರೂಪಕನ ಅಭಿಪ್ರಾಯವೇ ಅಲ್ಲಿ ಮಾರಾಟದ ಸರಕು, ಅವನನ್ನು ಅಭಿಪ್ರಾಯ ನೋಡಿಯೇ ಆರಿಸುತ್ತಾರೆ. 2004ರಿಂದ 2010ರವರೆಗೆ ನಡೆದ ಉದಾರವಾದಿಗಳ ಏರ್ ಅಮೆರಿಕಾ ಜಾಲವೂ ತನ್ನ ಒಲವಿನವರನ್ನೇ ಮೈಕಿನ ಮುಂದೆ ಕೂರಿಸಿತ್ತು. ಆದರೆ ಫೋನೆತ್ತುವವರ ಮಾತು ಬೇರೆ. ವಿರೋಧಿಸಿ ಕರೆ ಮಾಡಿದವರಲ್ಲಿ ತೊದಲುವವನನ್ನೇ ಹುಡುಕಿ ಒಳಬಿಟ್ಟು, ಚೆನ್ನಾಗಿ ವಾದಿಸಬಲ್ಲವನನ್ನು ಕಾರ್ಯಕ್ರಮ ಮುಗಿಯುವವರೆಗೆ ಕಾಯಿಸಿದರೆ, ಕೇಳುಗರ ಕಿವಿಗೆ ಎದುರು ಪಕ್ಷವೇ ದಡ್ಡರ ಗುಂಪಾಗಿ ಕಾಣುತ್ತದೆ; ಯಾರೂ ಒಂದು ಸುಳ್ಳನ್ನೂ ಆಡಿರುವುದಿಲ್ಲ. 1996ರ ದೂರಸಂಪರ್ಕ ಕಾಯಿದೆ ಒಬ್ಬ ಮಾಲೀಕನಿಗೆ ದೇಶದಾದ್ಯಂತ ಎಷ್ಟು ರೇಡಿಯೋ ಕೇಂದ್ರಗಳಾದರೂ ಇರಬಹುದೆಂದ ಮೇಲೆ, ಒಂದೇ ಕಾರ್ಯಕ್ರಮ ಉಪಗ್ರಹದ ಮೂಲಕ ನೂರಾರು ಊರುಗಳಿಗೆ ಹರಿಯುವುದು ಇನ್ನೂ ಸಲೀಸಾಗಿ, ಸ್ಥಳೀಯವಾಗಿ ಉಳಿದದ್ದು ಇಂಥ ಒಂದೆರಡು ಕುರ್ಚಿಗಳು ಮಾತ್ರ.

ಮುಂದಿನ ವಾರ ವಾರಾಂತ್ಯದ ಧ್ವನಿ ನಿಯಂತ್ರಕರ ಹುದ್ದೆಗೆ ಸಂದರ್ಶನವಿದೆ. "ಒಗ್ಗುವಿಕೆ" ಎಂಬ ಕಾಲಂ ಇಲ್ಲದ ಅಂಕಪಟ್ಟಿಯೊಂದನ್ನು ಮಾಡಿ ವ್ಯವಸ್ಥಾಪಕನ ಮೇಜಿನ ಮೇಲೆ ಇಟ್ಟುಬಂದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ನಿಮ್ಮ ಸ್ವರ ಪರೀಕ್ಷೆಯಲ್ಲಿ ಯಾವುದಕ್ಕೆ ಎಷ್ಟು ಅಂಕವೆಂಬುದು ನೆನಪಿದ್ದರೆ ಬೇಗ ಬರೆದು ಕಳಿಸು.

ನಿನ್ನ ಗೆಳೆಯ